ಹದಿನಾಲ್ಕು ಮಾತ್ರೆಗಳ ಲೆಕ್ಕ ಕೇಳುವವರು: ಕಿಡ್ನಿ ವಿಭಾಗದ ಔಷಧ ಪರಿಶೀಲನಾ ಸೇವೆ

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರೆ ಬರೆದುಕೊಡುವವರ ಕೊರತೆ ಇರುವುದಿಲ್ಲ. ಸಕ್ಕರೆ ಕಾಯಿಲೆಯ ವೈದ್ಯರು ತಮ್ಮದನ್ನು ಬರೆಯುತ್ತಾರೆ, ಹೃದಯದ ವೈದ್ಯರು ತಮ್ಮದನ್ನು, ಮೂಳೆಯ ವೈದ್ಯರು ತಮ್ಮದನ್ನು. ಅವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿಕೊಂಡು, ಈ ಕಿಡ್ನಿ ಇಷ್ಟನ್ನೂ ತಾಳಿಕೊಳ್ಳುತ್ತದೆಯೇ ಎಂದು ಕೇಳುವವರು ಮಾತ್ರ ಅಪರೂಪ. ನನ್ನ ಅಮ್ಮನಿಗೆ ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಯ ಮೂತ್ರಪಿಂಡ ವಿಭಾಗದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಒಬ್ಬರು ಔಷಧ ಪರಿಶೀಲನೆಯ ಸೇವೆ ನಡೆಸುತ್ತಾರೆ. ಅವರ ಕೆಲಸ ಆ ಒಂದು ಪ್ರಶ್ನೆಯನ್ನು ಬಿಡದೆ ಕೇಳುವುದು. ಈ ಸೇವೆಯ ಬಗ್ಗೆ ನನಗೆ ತುಂಬು ಗೌರವವಿದೆ. ಕೆಲವು ವಿಷಯಗಳಲ್ಲಿ ಇದು ಅರ್ಧ ದಾರಿಯಲ್ಲೇ ಕೈಬಿಡುತ್ತದೆ ಎಂಬ ಸಿಟ್ಟೂ ಇದೆ. ಎರಡನ್ನೂ ಬರೆಯುತ್ತೇನೆ.

ನಾನು ಲೆಕ್ಕಪರಿಶೋಧನೆಯ ಕೆಲಸದಲ್ಲಿರುವವಳು. ಒಂದು ಅಂಕಿ ಕಂಡರೆ ಅದು ಎಲ್ಲಿಂದ ಬಂತು, ಯಾವ ಆಧಾರದ ಮೇಲೆ ಬಂತು ಎಂದು ಕೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಈ ಸೇವೆ ನನಗೆ ಹಿಡಿಸಿದ್ದಕ್ಕೆ ಮೊದಲ ಕಾರಣವೇ ಅದು. ಅಲ್ಲಿ ಕೇಳಿದರೆ ಉತ್ತರ ಸಿಗುತ್ತದೆ.

ಸಮಯ ಗೊತ್ತುಪಡಿಸುವಾಗಲೇ ಒಂದು ಸೂಚನೆ ಕೊಡುತ್ತಾರೆ: ಚೀಟಿಗಳು ಸಾಲದು, ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ. ನಿಲ್ಲಿಸಿದ್ದು, ಅರ್ಧ ಉಳಿದದ್ದು, ಅಂಗಡಿಯಲ್ಲಿ ಕೇಳಿ ತಂದದ್ದು, ಮುಲಾಮು, ಸಿರಪ್, ಯಾರೋ ಕೊಟ್ಟ ಪುಡಿ, ಒಂದನ್ನೂ ಬಿಡುವಂತಿಲ್ಲ. ಜೊತೆಗೆ ಇತ್ತೀಚಿನ ರಕ್ತ ಪರೀಕ್ಷೆಯ ವರದಿ ಮತ್ತು ಸರಿಯಾದ ತೂಕ ಬೇಕು. ತೂಕ ಯಾಕೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಈ ಸೇವೆಯ ಅತ್ಯಂತ ಬೆಲೆಬಾಳುವ ಭಾಗ ಆ ತೂಕದಿಂದಲೇ ಶುರುವಾಗುತ್ತದೆ.

ಅಮ್ಮನಿಗೆ 76 ವರ್ಷ, 45 ಕಿಲೋ ತೂಕ. ವರದಿಯಲ್ಲಿ ಕ್ರಿಯಾಟಿನಿನ್ 1.4 ಎಂದಿತ್ತು. ಸ್ವಲ್ಪ ಜಾಸ್ತಿ, ಅಷ್ಟೇ ಎಂದು ಎಲ್ಲರೂ ಹೇಳುತ್ತಿದ್ದರು. ಫಾರ್ಮಸಿಸ್ಟ್ ಮೊದಲು ಹೇಳಿದ್ದು ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ ಎಂಬುದನ್ನು. ಅದು ಸ್ನಾಯುಗಳಿಂದ ಬರುವ ತ್ಯಾಜ್ಯ. ಸ್ನಾಯು ಕರಗಿ ಸಣ್ಣಗಾದ ವೃದ್ಧೆಯ ದೇಹದಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಸಾಕಷ್ಟು ಸೋತಿದ್ದರೂ ರಕ್ತದಲ್ಲಿ ಈ ಅಂಕಿ ಹೆಚ್ಚು ಏರುವುದಿಲ್ಲ. ಗಟ್ಟಿಮುಟ್ಟಾದ ಯುವಕನ 1.4ಕ್ಕೂ ಅಮ್ಮನ 1.4ಕ್ಕೂ ಸಂಬಂಧವೇ ಇಲ್ಲ.

ಅನಂತರ ಒಂದು ಹಾಳೆಯ ಮೇಲೆ ಮೂರು ಅಂಕಿಗಳನ್ನು ಬರೆದರು. ಆ ಹಾಳೆ ಈಗಲೂ ನನ್ನ ಕಡತದಲ್ಲಿದೆ. ಮೊದಲನೆಯದು 39: ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿ ಬರುವ ಇಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಸೋಸುತ್ತದೆ ಎಂಬ ಅಂದಾಜು, 2021ರ ಸೂತ್ರದಿಂದ ಬಂದದ್ದು. ಕಾಯಿಲೆ ಯಾವ ಹಂತದಲ್ಲಿದೆ ಎಂದು ತಿಳಿಯಲು ಇದು ಸರಿ. 30ರಿಂದ 44ರವರೆಗೆ 3ಬಿ ಹಂತ. ಎರಡನೆಯದು 31. ವರದಿಯ 39 ಎಂಬುದು 1.73 ಚದರ ಮೀಟರ್ ಮೈ ವಿಸ್ತೀರ್ಣ ಇರುವ ದೇಹಕ್ಕೆ ಹೊಂದಿಸಿದ ಲೆಕ್ಕ. ಅಮ್ಮನ ಮೈ ವಿಸ್ತೀರ್ಣ ಸುಮಾರು 1.37. ಅದಕ್ಕೆ ತಕ್ಕಂತೆ ಇಳಿಸಿದರೆ ನಿಮಿಷಕ್ಕೆ 31 ಮಿಲಿಲೀಟರ್ ಮಾತ್ರ. ಮೂರನೆಯದು 24. ಇದು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ ಹಳೆಯ ಸೂತ್ರ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಿಗಾದರೆ 0.85ರಿಂದ ಗುಣಿಸಬೇಕು. ನಾನು ಅಲ್ಲೇ ಕುಳಿತು ಲೆಕ್ಕ ಹಾಕಿ ನೋಡಿದೆ. 24.3 ಬಂತು.

ಒಂದೇ ಮನುಷ್ಯರಿಗೆ ಒಂದೇ ದಿನ ಮೂರು ಅಂಕಿಗಳೇ ಎಂದು ನಾನು ಕೇಳಿದಾಗ ಅವರು ತಪ್ಪಿಸಿಕೊಳ್ಳಲಿಲ್ಲ. ಎಷ್ಟೋ ಹಳೆಯ ಔಷಧಗಳ ಪ್ರಮಾಣವನ್ನು ಆ ಕಾಲದ ಸೂತ್ರದ ಮೇಲೆಯೇ ನಿಗದಿಮಾಡಿದ್ದಾರೆ, ಹಾಗಾಗಿ ಯಾವ ಔಷಧದ ನಿಯಮ ಯಾವ ಅಂಕಿಯಲ್ಲಿ ಬರೆದಿದೆಯೋ ಆ ಅಂಕಿಯನ್ನೇ ಹಿಡಿಯಬೇಕು ಎಂದರು. ಮೂರು ಅಂಕಿಗಳು ದೂರದೂರ ಇದ್ದರೆ, ಅದೂ ವಯಸ್ಸಾದ ಸಣ್ಣ ದೇಹದಲ್ಲಿ, ಹೆಚ್ಚು ಎಚ್ಚರ ಬೇಕು ಎಂದರು.

ಆ ವ್ಯತ್ಯಾಸದ ಬೆಲೆ ಎಷ್ಟು ಎಂಬುದು ಪ್ರಿಗ್ಯಾಬಲಿನ್ ವಿಷಯದಲ್ಲಿ ಕಂಡಿತು. ಪಾದಗಳ ನರದ ಉರಿಗಾಗಿ ಅಮ್ಮ 150 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳುತ್ತಿದ್ದಳು. ದಿನಕ್ಕೆ 300. ಈ ಔಷಧದ ಸುಮಾರು ಶೇ 90 ಭಾಗ ದೇಹದಲ್ಲಿ ಬದಲಾಗದೆ ಮೂತ್ರದ ಮೂಲಕವೇ ಹೊರಹೋಗುತ್ತದೆ. ಯಕೃತ್ತಿನ ಸಹಾಯ ಇಲ್ಲವೇ ಇಲ್ಲ ಎನ್ನಬಹುದು. ನಿಯಮದ ಪ್ರಕಾರ 30ರಿಂದ 60ರ ನಡುವೆ ಇದ್ದವರಿಗೆ ದಿನಕ್ಕೆ ಗರಿಷ್ಠ 300. 15ರಿಂದ 30ರ ನಡುವೆ ಇದ್ದವರಿಗೆ ಗರಿಷ್ಠ 150. ವರದಿಯ 39ನ್ನು ಹಿಡಿದು ನೋಡಿದರೆ ಅಮ್ಮನ ಪ್ರಮಾಣ ಮಿತಿಯ ಒಳಗೇ ಇತ್ತು. ಕಂಪ್ಯೂಟರ್ ಕೂಡ ಸರಿ ಎಂದೇ ಹೇಳುತ್ತಿತ್ತು. ಆದರೆ ಆ ಔಷಧದ ನಿಯಮ ಬರೆದಿರುವುದು 1976ರ ಸೂತ್ರದ ಮೇಲೆ. 24 ಹಿಡಿದರೆ ಅವಳು ತೆಗೆದುಕೊಳ್ಳುತ್ತಿದ್ದದ್ದು ಗರಿಷ್ಠದ ಎರಡರಷ್ಟು.

ಅಮ್ಮ ಮಧ್ಯಾಹ್ನವೆಲ್ಲ ಮಂಪರಿನಲ್ಲಿರುತ್ತಿದ್ದಳು. ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಮಾತಿನ ನಡುವೆ ಕೈ ಫಕ್ಕನೆ ಅದುರಿ ಲೋಟ ಬೀಳುತ್ತಿತ್ತು. ನೋಡಿದವರೆಲ್ಲ ವಯಸ್ಸಾಯಿತು ಎಂದರು. ಒಬ್ಬ ವೈದ್ಯರು ಮರೆವಿನ ಕಾಯಿಲೆಯ ಆರಂಭ ಇರಬಹುದು ಎಂದೂ ಹೇಳಿದ್ದರು. ಫಾರ್ಮಸಿಸ್ಟ್ ಅಮ್ಮನನ್ನೇ ನೇರವಾಗಿ ಕೇಳಿದರು: “ಅಮ್ಮಾ, ಈ ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಕಣ್ಣು ಎಳೆಯುತ್ತದೆ?” ಅಮ್ಮ ಗಂಟೆ ಹಿಡಿದು ಹೇಳಿದಳು. ಅಷ್ಟು ದಿನ ಅವಳನ್ನು ಈ ಪ್ರಶ್ನೆ ಕೇಳಿದವರೇ ಇರಲಿಲ್ಲ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬೇರೆ ತೊಂದರೆ ಬರುತ್ತದೆಂದು, ವೈದ್ಯರೊಡನೆ ಮಾತನಾಡಿ ಹಂತ ಹಂತವಾಗಿ ಇಳಿಸಿದರು. ಉರಿ ಸ್ವಲ್ಪ ಮರಳಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಮ್ಮ ಈಗ ಮಧ್ಯಾಹ್ನ ಎಚ್ಚರವಾಗಿರುತ್ತಾಳೆ, ಗೋಡೆ ಹಿಡಿಯದೆ ನಡೆಯುತ್ತಾಳೆ. ಈ ಒಂದು ಫಲಕ್ಕಾಗಿಯೇ ಈ ಸೇವೆಗೆ ನಾನು ಋಣಿ.

ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯ ವಿಷಯದಲ್ಲಿ ಅವರು ಹಿಡಿದದ್ದು ಬೇರೆ ಅಂಕಿ. ಅದರ ನಿಯಮ ಇಜಿಎಫ್‌ಆರ್ ಲೆಕ್ಕದಲ್ಲಿದೆ. 45ಕ್ಕಿಂತ ಕೆಳಗಿಳಿದರೆ ಪ್ರಮಾಣ ಅರ್ಧ, 30ಕ್ಕಿಂತ ಕೆಳಗಿಳಿದರೆ ಪೂರ್ತಿ ಬಂದ್. ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಕ್ರಿಯಾಟಿನಿನ್ ಬದಲು ಇಜಿಎಫ್‌ಆರ್ ನೋಡಿ ಈ ಔಷಧ ಕೊಡಬೇಕೆಂದು ಸೂಚನೆಯನ್ನೇ ಬದಲಿಸಿದರಂತೆ. ಅಮ್ಮ ದಿನಕ್ಕೆ 2000 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಳು. ಅದು 1000ಕ್ಕೆ ಇಳಿಯಿತು. ಪಟ್ಟಿಯ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ, 30ರ ಕೆಳಗೆ ಹೋದ ದಿನ ನಿಲ್ಲಿಸಿ ಫೋನ್ ಮಾಡಿ ಎಂದು ಬರೆದುಕೊಟ್ಟರು. ಔಷಧದ ಪ್ರಮಾಣವನ್ನು ಬರೆಯುವಾಗಲೇ ಅದು ಎಲ್ಲಿಯವರೆಗೆ ಸರಿ ಎಂಬ ಗಡಿಯನ್ನೂ ಬರೆದುಕೊಡುವ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೀಲದಿಂದ ಹೊರಬಂದ ಇನ್ನೊಂದು ಸಂಗತಿ: ಎರಡು ಬೇರೆ ಬೇರೆ ಹೆಸರಿನ ಮಾತ್ರೆ ಪಟ್ಟಿಗಳು, ಬೇರೆ ಬಣ್ಣ, ಬೇರೆ ಕಂಪನಿ. ಒಂದರಲ್ಲಿ ಟೆಲ್ಮಿಸಾರ್ಟಾನ್ ಎಂಬ ಬಿಪಿ ಔಷಧ ಮಾತ್ರ ಇತ್ತು. ಇನ್ನೊಂದರಲ್ಲಿ ಅದೇ ಟೆಲ್ಮಿಸಾರ್ಟಾನ್ ಜೊತೆಗೆ ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಔಷಧ. ಇಬ್ಬರು ವೈದ್ಯರು, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು, ಒಂದೇ ಔಷಧವನ್ನು ಬರೆದಿದ್ದರು. ಚೀಟಿಗಳನ್ನಷ್ಟೇ ನೋಡುವವರಿಗೆ ಇದು ಸಿಗುವುದು ಕಷ್ಟ. ಪಟ್ಟಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವವರಿಗೆ ಸಿಗುತ್ತದೆ. ಈಗ ಅದು ಒಂದೇ ಮಾತ್ರೆಯಾಗಿದೆ.

ನೋವಿನ ಮಾತ್ರೆಯ ಬಗ್ಗೆ ಅವರು ಅತಿ ಹೆಚ್ಚು ಸಮಯ ತೆಗೆದುಕೊಂಡರು. ಅದು ನ್ಯಾಯವೇ. ಅಮ್ಮನ ಮೊಣಕಾಲಿಗೆ ಡೈಕ್ಲೋಫೆನಾಕ್ ಬರೆದುಕೊಟ್ಟಿದ್ದರು. ಅವಳು ಅದಾಗಲೇ ಟೆಲ್ಮಿಸಾರ್ಟಾನ್ ಮತ್ತು ನೀರು ಇಳಿಸುವ ಫ್ಯೂರೋಸೆಮೈಡ್ ತೆಗೆದುಕೊಳ್ಳುತ್ತಿದ್ದವಳು. ಕಿಡ್ನಿಯ ಪ್ರತಿಯೊಂದು ಸೋಸುಗಂಟಿಗೂ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಒಂದು ಸಣ್ಣ ನಾಳ ಇರುತ್ತವೆ. ಡೈಕ್ಲೋಫೆನಾಕ್‌ನಂತಹ ಮಾತ್ರೆ ಒಳಬರುವ ನಾಳವನ್ನು ಬಿಗಿಯಾಗಿಸುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಫ್ಯೂರೋಸೆಮೈಡ್ ಒಟ್ಟು ನೀರನ್ನೇ ಕಡಿಮೆ ಮಾಡುತ್ತದೆ. ಬಾವಿಗೆ ನೀರು ಬರುವ ಸೆಲೆಯನ್ನು ಮುಚ್ಚಿ, ಹೊರಹೋಗುವ ಕಾಲುವೆಯನ್ನು ಅಗಲಿಸಿದಂತೆ ಎಂದು ಅವರು ವಿವರಿಸಿದಾಗ ಅಮ್ಮನಿಗೆ ತಟ್ಟನೆ ಅರ್ಥವಾಯಿತು. ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಮೂರೂ ಸೇರಿದಾಗ, ಅದರಲ್ಲೂ ಬೇಧಿ ಅಥವಾ ಬಿಸಿಲಿನಿಂದ ಮೈ ಒಣಗಿದಾಗ, ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು.

ಬರಿದೇ ಬೇಡ ಎಂದು ಹೇಳಿ ಕಳುಹಿಸಿದ್ದರೆ ಅಮ್ಮ ಮನೆಗೆ ಬಂದು ನೋವು ತಾಳಲಾರದೆ ಮತ್ತೆ ಅದನ್ನೇ ನುಂಗುತ್ತಿದ್ದಳು. ಅವರು ಹಾಗೆ ಮಾಡಲಿಲ್ಲ. ಪ್ಯಾರಸಿಟಮಾಲ್ ಎಷ್ಟು, ದಿನಕ್ಕೆ ಎಷ್ಟನ್ನು ಮೀರಬಾರದು ಎಂದು ಅಮ್ಮನ ತೂಕಕ್ಕೆ ತಕ್ಕಂತೆ ಬರೆದುಕೊಟ್ಟರು. ನೀರಿನಲ್ಲಿ ಬುಸುಗುಟ್ಟಿ ಕರಗುವ ಬಗೆಯದು ಬೇಡ ಎಂದರು, ಏಕೆಂದರೆ ಅಂತಹ ಒಂದು ಮಾತ್ರೆಯಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರಬಹುದು. ಊತ ಮತ್ತು ರಕ್ತದೊತ್ತಡ ಇರುವವರಿಗೆ ಅದು ಕಡಿಮೆಯಲ್ಲ. ವ್ಯಾಯಾಮ ಹೇಳಿಕೊಡುವವರ ಬಳಿಗೆ ಕಳುಹಿಸಿದರು. ಅಂಗಡಿಗಳಲ್ಲಿ ಶೀತಕ್ಕೆ, ಮೈಕೈ ನೋವಿಗೆ ಸಿಗುವ ಬೆರಕೆ ಮಾತ್ರೆಗಳಲ್ಲಿಯೂ ಇದೇ ಗುಂಪಿನ ಔಷಧ ಅಡಗಿರುತ್ತದೆ ಎಂದು ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಅಸೆಕ್ಲೋಫೆನಾಕ್ ಮುಂತಾದ ಹೆಸರುಗಳನ್ನು ದೊಡ್ಡದಾಗಿ ಬರೆದ ಚೀಟಿ ಕೊಟ್ಟರು. ಅದು ನನ್ನ ಪರ್ಸಿನಲ್ಲೇ ಇರುತ್ತದೆ.

ಸಣ್ಣ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಥೈರಾಯ್ಡ್ ಮಾತ್ರೆಯನ್ನು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಂದ ನಾಲ್ಕು ಗಂಟೆ ದೂರ ಇಡಿಸಿದರು. ಒಟ್ಟಿಗೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಮ್ಲಶಾಮಕ ಸಿರಪ್ ಚೀಲದಿಂದ ಸೀದಾ ಕಸದ ಬುಟ್ಟಿಗೆ ಹೋಯಿತು. ದುರ್ಬಲ ಕಿಡ್ನಿಗೆ ಅವನ್ನು ಹೊರಹಾಕುವ ಶಕ್ತಿಯಿಲ್ಲ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಯಾಕೆ ಶುರುವಾಯಿತೆಂದು ಯಾರಿಗೂ ನೆನಪಿರಲಿಲ್ಲ, ಅದನ್ನೂ ವೈದ್ಯರ ಒಪ್ಪಿಗೆಯಿಂದ ಬಿಡಿಸಿದರು. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್‌ಗೆ ಕಿಡ್ನಿಯ ಕಾರಣಕ್ಕೆ ಪ್ರಮಾಣ ಬದಲಿಸಬೇಕಿಲ್ಲ ಎಂದು ಹಾಗೇ ಬಿಟ್ಟರು. ಕಡಿಮೆ ಸೋಡಿಯಂ ಎಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ, ಬಳಸಬೇಡಿ ಎಂದೂ ಹೇಳಿದರು.

ಈ ಸೇವೆಯನ್ನು ನಾನು ಮೆಚ್ಚುವುದು ಬರೀ ಕತ್ತರಿಸಿದ್ದಕ್ಕಲ್ಲ. ಉಳಿಸಬೇಕಾದದ್ದನ್ನು ಗಟ್ಟಿಯಾಗಿ ಉಳಿಸಿದ್ದಕ್ಕೂ ಅಷ್ಟೇ. ಕಿಡ್ನಿ ವೈದ್ಯರು ಡಾಪಾಗ್ಲಿಫ್ಲೋಜಿನ್ ಎಂಬ ಔಷಧ ಸೇರಿಸಿದ ಮೇಲೆ ಅಮ್ಮನ ಕ್ರಿಯಾಟಿನಿನ್ 1.4ರಿಂದ 1.6ಕ್ಕೆ ಏರಿತು. ವರದಿ ನೋಡಿದ ಬಂಧುಗಳೊಬ್ಬರು ಹೊಸ ಮಾತ್ರೆಯನ್ನೂ ಬಿಪಿ ಮಾತ್ರೆಯನ್ನೂ ಕೂಡಲೇ ನಿಲ್ಲಿಸು ಎಂದು ಫೋನಿನಲ್ಲಿ ಒತ್ತಾಯಿಸಿದರು. ನಾನು ಫಾರ್ಮಸಿಸ್ಟ್ ಅವರನ್ನು ಕೇಳಿದೆ. ಈ ಗುಂಪಿನ ಔಷಧ ಶುರುವಾದಾಗ ಸೋಸುವ ಒತ್ತಡ ಇಳಿಯುತ್ತದೆ, ಇಜಿಎಫ್‌ಆರ್ ಅಂಕಿ ಸ್ವಲ್ಪ ಕುಸಿಯುತ್ತದೆ. ಮುಂದಿನ ವರ್ಷಗಳಲ್ಲಿ ಕಿಡ್ನಿಯನ್ನು ಕಾಯುವುದೂ ಆ ಇಳಿದ ಒತ್ತಡವೇ ಎಂದರು. 2020ರಲ್ಲಿ ಪ್ರಕಟವಾದ, 4304 ಮಂದಿ ಪಾಲ್ಗೊಂಡ ಡಾಪಾ–ಸಿಕೆಡಿ ಅಧ್ಯಯನವನ್ನು ಹೆಸರಿಸಿ, ಕಿಡ್ನಿ ಸೋಲುವುದನ್ನೂ ಸಾವನ್ನೂ ಈ ಔಷಧ ಕಡಿಮೆ ಮಾಡಿದ್ದು ಅಲ್ಲಿ ಕಂಡಿದೆ ಎಂದು ಹೇಳಿದರು. ಟೆಲ್ಮಿಸಾರ್ಟಾನ್ ಗುಂಪಿನದಕ್ಕಾದರೆ, ಶುರುಮಾಡಿದ ಅಥವಾ ಹೆಚ್ಚಿಸಿದ ನಾಲ್ಕು ವಾರಗಳೊಳಗೆ ಕ್ರಿಯಾಟಿನಿನ್ ಶೇ 30ಕ್ಕಿಂತ ಹೆಚ್ಚು ಏರಿದರೆ ಮಾತ್ರ ಕಾರಣ ಹುಡುಕಬೇಕು. ಅಮ್ಮನದು ಏರಿದ್ದು ಶೇ 14. ಪೊಟ್ಯಾಶಿಯಂ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಮಾತ್ರೆ ಮುಂದುವರಿಸಿ ಎಂದರು. ಹೆದರಿಕೆಯಿಂದ ಒಳ್ಳೆಯ ಔಷಧವನ್ನು ನಿಲ್ಲಿಸುವುದೂ ಹಾನಿಯೇ ಎಂದು ಇಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ.

ಎರಡು ಬದಿಯಲ್ಲೂ ಅಚ್ಚಾದ ಒಂದು ಕಾರ್ಡ್ ಕೊಡುತ್ತಾರೆ. ವಾಂತಿ, ಬೇಧಿ, ಜೋರು ಜ್ವರ ಬಂದು ತಿನ್ನಲು ಕುಡಿಯಲು ಆಗದ ದಿನಗಳಲ್ಲಿ ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂಬುದು ಅದರಲ್ಲಿದೆ. ಅಮ್ಮನ ಕಾರ್ಡಿನಲ್ಲಿ ಟೆಲ್ಮಿಸಾರ್ಟಾನ್, ಫ್ಯೂರೋಸೆಮೈಡ್, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ನಾಲ್ಕೂ ಇವೆ. ಸರಿಯಾಗಿ ತಿಂದು ಕುಡಿಯಲು ಶುರುಮಾಡಿ 24ರಿಂದ 48 ಗಂಟೆ ಕಳೆದ ಮೇಲೆ ಮತ್ತೆ ಆರಂಭಿಸಬೇಕು. ಡಾಪಾಗ್ಲಿಫ್ಲೋಜಿನ್ ಪಕ್ಕದಲ್ಲಿ ಕೈಬರಹದಲ್ಲಿ, ಶಸ್ತ್ರಚಿಕಿತ್ಸೆ ಇದ್ದರೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು, ರಕ್ತದ ಸಕ್ಕರೆ ಸಾಮಾನ್ಯವಾಗಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು ಎಂದು ಬರೆದಿದ್ದರು. ಮತ್ತೆ ಶುರುಮಾಡಲು ಮರೆಯುವವರೇ ಹೆಚ್ಚು ಎಂದು ನಿಲ್ಲಿಸಿದ ದಿನ, ಶುರುಮಾಡಬೇಕಾದ ದಿನ ಎರಡನ್ನೂ ತುಂಬಲು ಕಾರ್ಡಿನಲ್ಲೇ ಜಾಗ ಬಿಟ್ಟಿದ್ದಾರೆ. ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಪ್ರಶ್ನೆ ಕೇಳಲು ಈ ಸೇವೆ ಕೊಟ್ಟಿರುವ ಫೋನ್ ಸಾಲಿನ ಉಪಯೋಗ ತಿಳಿದದ್ದು ಅಮ್ಮನಿಗೆ ಮೂತ್ರದ ಸೋಂಕು ಆದಾಗ. ಹತ್ತಿರದ ವೈದ್ಯರೊಬ್ಬರು ಟ್ರೈಮೆಥೊಪ್ರಿಮ್ ಮತ್ತು ಸಲ್ಫಾ ಸೇರಿದ ಮಾತ್ರೆ ಬರೆದರು. ಅಮ್ಮನ ಪೊಟ್ಯಾಶಿಯಂ ಅದಾಗಲೇ 5.2 ಇತ್ತು. ಟ್ರೈಮೆಥೊಪ್ರಿಮ್ ಕಿಡ್ನಿಯಿಂದ ಪೊಟ್ಯಾಶಿಯಂ ಹೊರಹೋಗುವುದನ್ನು ತಡೆಯುತ್ತದೆ, ಟೆಲ್ಮಿಸಾರ್ಟಾನ್ ಕೂಡ ಅದನ್ನು ಏರಿಸುವ ಔಷಧವೇ. ಎರಡೂ ಸೇರಿ ಹೃದಯದ ಬಡಿತವೇ ತಪ್ಪುವ ಮಟ್ಟಕ್ಕೆ ಹೋಗಬಹುದು. ಫಾರ್ಮಸಿಸ್ಟ್ ಅವರೇ ಆ ವೈದ್ಯರಿಗೆ ಫೋನ್ ಮಾಡಿ ಮಾತನಾಡಿದರು. ನೈಟ್ರೋಫ್ಯುರಾಂಟಾಯಿನ್ ಆಗಬಹುದೇ ಎಂದು ಆ ವೈದ್ಯರು ಕೇಳಿದರಂತೆ. ಕಿಡ್ನಿ ಇಷ್ಟು ಸೋತಾಗ ಅದು ಮೂತ್ರಕ್ಕೆ ಸಾಕಷ್ಟು ಇಳಿಯುವುದಿಲ್ಲ, ಸೋಂಕು ಹೋಗುವುದಿಲ್ಲ, ನರಕ್ಕೆ ಮಾತ್ರ ಪೆಟ್ಟು ಎಂದು ಫಾರ್ಮಸಿಸ್ಟ್ ವಿವರಿಸಿದ ಮೇಲೆ, ಸೆಫಲೆಕ್ಸಿನ್ ಅನ್ನು ಕಿಡ್ನಿಗೆ ತಕ್ಕ ಪ್ರಮಾಣದಲ್ಲಿ ಕೊಡುವುದೆಂದು ಇಬ್ಬರೂ ಒಪ್ಪಿದರು. ಆ ವೈದ್ಯರೂ ದೊಡ್ಡ ಮನಸ್ಸಿನಿಂದ ಕೇಳಿಸಿಕೊಂಡರು ಎಂಬುದನ್ನು ಹೇಳಲೇಬೇಕು.

ಇನ್ನು ಕೊರತೆಗಳು. ಈ ಫೋನ್ ಕಚೇರಿಯ ಸಮಯದಲ್ಲಿ ಮಾತ್ರ ಇರುತ್ತದೆ. ರಜೆ ಬಂದರೆ ಧ್ವನಿಮುದ್ರಿತ ಮಾತು ಕೇಳಿಸುತ್ತದೆ, ತುರ್ತಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ ಎನ್ನುತ್ತದೆ. ಬೇಧಿಗೆ ಕಚೇರಿಯ ಸಮಯ ಗೊತ್ತಿಲ್ಲ. ಅಮ್ಮನಿಗೆ ರಜೆಯ ದಿನ ಬೇಧಿ ಶುರುವಾದಾಗ ಕಾರ್ಡ್ ಇದ್ದದ್ದರಿಂದ ಮಾತ್ರೆಗಳನ್ನು ನಿಲ್ಲಿಸಿದೆವು, ಸರಿ. ಆದರೆ ಸಕ್ಕರೆ ನಿಯಂತ್ರಣಕ್ಕೆ ಏನು ಮಾಡಬೇಕು ಎಂದು ಕೇಳಲು ಯಾರೂ ಸಿಗಲಿಲ್ಲ. ತುರ್ತು ವಿಭಾಗದ ಕಿರಿಯ ವೈದ್ಯರಿಗೆ ಹೀಗೊಂದು ಸೇವೆ ತಮ್ಮದೇ ಆಸ್ಪತ್ರೆಯಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಪಾಳಿಯ ಮೇಲೆ ಒಬ್ಬರನ್ನಾದರೂ ರಜಾ ದಿನಗಳಿಗೆ ನೇಮಿಸುವುದು ಅವರಿಗೆ ಆಗದ ಕೆಲಸವಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪರಿಶೀಲನೆಯ ವರದಿ ಕಿಡ್ನಿ ವೈದ್ಯರಿಗೆ ಹೋಗುತ್ತದೆ, ನಮ್ಮ ಕೈಗೊಂದು ಪ್ರತಿ ಬರುತ್ತದೆ. ಹೃದಯದ, ಮೂಳೆಯ, ಹಲ್ಲಿನ ವೈದ್ಯರಿಗೆ ಯಾರೂ ಕಳುಹಿಸುವುದಿಲ್ಲ. ಎಲ್ಲರ ಬಳಿಗೂ ಕಡತ ಹೊತ್ತು ಹೋಗುವ ಕೆಲಸ ರೋಗಿಯ ಮನೆಯವರದೇ. ನಾನು ಹೋಗುತ್ತೇನೆ, ಮೇಜಿನ ಮೇಲೆ ಇಟ್ಟು ತೋರಿಸುತ್ತೇನೆ. ಒಬ್ಬಂಟಿಯಾಗಿರುವ ವೃದ್ಧರು ಏನು ಮಾಡಬೇಕು? ಮಗಳೊಬ್ಬಳು ಹಿಂದೆ ಬಿದ್ದು ಕೇಳಿದರೆ ಮಾತ್ರ ನಡೆಯುವ ವ್ಯವಸ್ಥೆಯನ್ನು ಪೂರ್ಣ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಹಾಗೆಯೇ, ಹೊಸ ರಕ್ತ ಪರೀಕ್ಷೆಯ ಅಂಕಿ ಬದಲಾದಾಗ ಅವರಿಗೆ ತಾನಾಗಿ ಸೂಚನೆ ಹೋಗುವುದಿಲ್ಲ. ಇಜಿಎಫ್‌ಆರ್ 33ಕ್ಕೆ ಇಳಿದದ್ದನ್ನು ನಾನೇ ಫೋನ್ ಮಾಡಿ ತಿಳಿಸಬೇಕಾಯಿತು. ಪ್ರಯೋಗಾಲಯ ಅದೇ ಕಟ್ಟಡದಲ್ಲಿದೆ!

ಗಿಡಮೂಲಿಕೆಗಳ ವಿಷಯವನ್ನು ಅವರ ಅರ್ಜಿಯಲ್ಲಿ ಒಂದೇ ಚೌಕದಲ್ಲಿ ಮುಗಿಸಿದ್ದಾರೆ: ಹೌದು ಅಥವಾ ಇಲ್ಲ. ಇದು ಸಾಲದು. ಹೆಚ್ಚಿನವರು ಅದನ್ನು ಔಷಧ ಎಂದೇ ಎಣಿಸದೆ ಇಲ್ಲ ಎಂದು ಗುರುತು ಹಾಕುತ್ತಾರೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ತೆಗೆದುಕೊಂಡ ಹೆಂಗಸರಿಗೆ ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ಕಿಡ್ನಿ ಸೋತುಹೋದದ್ದು, ಅವರಲ್ಲಿ ಹಲವರಿಗೆ ಡಯಾಲಿಸಿಸ್ ಬೇಕಾದದ್ದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಏನು ಪುಡಿ, ಯಾರು ಕೊಟ್ಟರು, ಎಷ್ಟು ದಿನದಿಂದ ಎಂದು ಬಾಯಿಬಿಟ್ಟು ಕೇಳಬೇಕು. ಉಳಿದ ಔಷಧಗಳನ್ನು ಅಷ್ಟು ಜಾಗರೂಕತೆಯಿಂದ ಕೇಳುವವರು ಇಲ್ಲಿ ಮಾತ್ರ ಅವಸರ ಮಾಡುವುದು ನನಗೆ ಅರ್ಥವಾಗಲಿಲ್ಲ.

ಅವರು ಕೊಡುವ ದಿನಚರಿ ಪಟ್ಟಿಯ ಅಕ್ಷರ ತೀರಾ ಸಣ್ಣದು. ಮಾತ್ರೆ ನುಂಗಬೇಕಾದ ಅಮ್ಮನಿಗೆ ಅದನ್ನು ಓದಲು ಆಗುವುದಿಲ್ಲ. ನಾನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಮತ್ತೆ ಬರೆದು, ಪ್ರತಿ ಮಾತ್ರೆಯ ಪಕ್ಕದಲ್ಲಿ ಅದು ಯಾತಕ್ಕೆ ಎಂಬುದನ್ನೂ ಸೇರಿಸಿ ಗೋಡೆಗೆ ಅಂಟಿಸಿದ್ದೇನೆ. ಈಗ ಅವಳೇ ಡಬ್ಬಿಯ ಖಾನೆಗಳನ್ನು ತುಂಬಿಕೊಳ್ಳುತ್ತಾಳೆ, ನಾನು ಒಮ್ಮೆ ನೋಡುತ್ತೇನೆ.

ಯಾರು ಈ ಸೇವೆಗೆ ಹೋಗಬೇಕು? ಇಜಿಎಫ್‌ಆರ್ 60ರ ಕೆಳಗಿದ್ದು ಐದಾರು ಮಾತ್ರೆಗಳಿಗಿಂತ ಹೆಚ್ಚು ತೆಗೆದುಕೊಳ್ಳುವವರು ಒಮ್ಮೆಯಾದರೂ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. 45ರ ಕೆಳಗಿದ್ದರೆ ಮುಂದೂಡಲೇಬಾರದು. ತೆಳ್ಳಗಿನ ವೃದ್ಧರಿದ್ದರೆ, ಕ್ರಿಯಾಟಿನಿನ್ ಸಾಧಾರಣವಾಗಿದೆ ಎಂಬ ಮಾತಿಗೆ ಸಮಾಧಾನಪಟ್ಟು ಕೂರಬೇಡಿ. ಡಯಾಲಿಸಿಸ್ ಆಗುತ್ತಿರುವವರಿಗೆ ಬೇರೆಯೇ ಸರದಿ ಇದೆ, ಅವರ ಲೆಕ್ಕವೂ ಬೇರೆ. ಕೆಲವು ಔಷಧಗಳನ್ನು ಡಯಾಲಿಸಿಸ್ ತೊಳೆದುಹಾಕುವುದರಿಂದ ಅವನ್ನು ಆ ದಿನ ಮುಗಿದ ಮೇಲೆಯೇ ತೆಗೆದುಕೊಳ್ಳಬೇಕು. ಫಾಸ್ಫೇಟ್ ಹಿಡಿಯುವ ಮಾತ್ರೆಗಳನ್ನು ಊಟದ ಜೊತೆಗೇ ನುಂಗಬೇಕು. ಅದರ ಬಗ್ಗೆ ಅನುಭವ ಇರುವವರು ಬರೆದರೆ ಒಳ್ಳೆಯದು.

ಇಲ್ಲಿ ಬರೆದ ಪ್ರಮಾಣಗಳೆಲ್ಲ 45 ಕಿಲೋ ತೂಕದ ಒಬ್ಬ ಹೆಂಗಸಿಗೆ ಹೊಂದಿಸಿದವು. ನಿಮ್ಮ ಮನೆಯವರ ಮಾತ್ರೆಯನ್ನು ಇದನ್ನು ಓದಿ ಇಳಿಸಬೇಡಿ, ಏರಿಸಬೇಡಿ. ಅವರ ವಯಸ್ಸು, ತೂಕ, ಇತ್ತೀಚಿನ ಕ್ರಿಯಾಟಿನಿನ್ ಬರೆದುಕೊಂಡು ಹೋಗಿ ಕೇಳಿ. ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ. ಹೊತ್ತು ಏರಿದಂತೆ ಹೊರರೋಗಿಗಳ ಸಾಲು ಬೆಳೆದು ಫಾರ್ಮಸಿಸ್ಟ್ ಅವರನ್ನು ವಾರ್ಡಿಗೆ ಕರೆಯುತ್ತಾರೆ, ಆಗ ಚೀಲದ ತಳದಲ್ಲಿ ಉಳಿದ ಡಬ್ಬಿಗಳನ್ನು ನೋಡಲು ಅವರಿಗೆ ಸಮಯ ಸಿಗುವುದಿಲ್ಲ.